ಪಂಪ್ ಏರಿಸುವ ಮುನ್ನ ಗಾಳಿಯ ಲೆಕ್ಕ ಹಾಕಿ

ಹೋದ ತಿಂಗಳು ಸಂಡೂರು ಕಡೆಯಿಂದ ಬರುವಾಗ ರಸ್ತೆ ಬದಿ ಹತ್ತು ಚಕ್ರದ ಲಾರಿಯೊಂದು ನಿಂತಿತ್ತು. ಪರಿಚಯದ ಹುಡುಗನದೇ ಗಾಡಿ. ಓನರೂ ಅವನೇ, ಡ್ರೈವರೂ ಅವನೇ. ಬೈಕ್ ನಿಲ್ಲಿಸಿ ಏನಾಯ್ತೆಂದು ಕೇಳಿದೆವು. "ಪಿಸ್ಟನ್ ಹಿಡ್ಕೊಂಡೈತಿ ಸಾರ್" ಅಂದ. ಮೂರು ವಾರದ ಹಿಂದೆ ಇದೇ ಹುಡುಗ ನಮ್ಮನ್ನು ಟೀ ಅಂಗಡಿಯಲ್ಲಿ ಕೂರಿಸಿಕೊಂಡು, "ಪಂಪ್ ಏರ್ಸಿಬಿಟ್ಟೀನಿ, ಗಾಡಿ ಈಗ ಹಾರ್ತೈತಿ" ಎಂದು ಹೇಳಿದ್ದ.

ಪಂಪ್ ಏರಿಸುವುದು ಎಂದರೇನೆಂದು ಲಾರಿ ಊರುಗಳಲ್ಲಿ ಯಾರಿಗೂ ಹೇಳಬೇಕಿಲ್ಲ. ಹಳೆ ಗಾಡಿಯ ಡೀಸೆಲ್ ಪಂಪಿನ ಸೀಲ್ ಬಿಚ್ಚಿ, ಒಳಗಿನ ಸೆಟ್ಟಿಂಗ್ ಬದಲಿಸಿ, ಪ್ರತಿ ಹೊಡೆತಕ್ಕೂ ಹೆಚ್ಚು ಡೀಸೆಲ್ ಹೋಗುವಂತೆ ಮಾಡುವುದು. ಅರ್ಧ ದಿನದ ಕೆಲಸ. ಖರ್ಚೂ ಕಡಿಮೆ. ಅದಕ್ಕೇ ಎಲ್ಲರೂ ಮಾಡಿಸುತ್ತಾರೆ. ಮೈಕೋ ಪಂಪು ಎಂದು ನಾವು ಈಗಲೂ ಕರೆಯುತ್ತೇವೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಎಂದಾಯಿತು, ನಮ್ಮ ಬಾಯಿಗೆ ಮಾತ್ರ ಮೈಕೋನೇ.

ಗಾಡಿಯ ಮೇಲೆ ಬರೆದಿರುವ ನಂಬರನ್ನು ಒಮ್ಮೆ ನೋಡಿ. ಟಾಟಾ 1613 ಎಂದರೆ ಒಟ್ಟು 16 ಟನ್, ಸುಮಾರು 130 ಹಾರ್ಸ್‌ಪವರ್. 2518 ಎಂದರೆ 25 ಟನ್, ಸುಮಾರು 180. ಇಷ್ಟು ತೂಕಕ್ಕೆ ಇಷ್ಟು ಎಂಜಿನ್ ಎಂದು ಲೆಕ್ಕ ಹಾಕಿಯೇ ಬರೆದದ್ದು ಅದು. ಆ ಲೆಕ್ಕದಲ್ಲಿ ಬ್ರೇಕೂ ಇದೆ, ಕ್ಲಚ್ಚೂ ಇದೆ, ರೇಡಿಯೇಟರೂ ಇದೆ. ನಾವು ಒಂದನ್ನು ಮಾತ್ರ ತಿರುವಿ, ಉಳಿದದ್ದು ತಾನಾಗಿ ಹೊಂದಿಕೊಳ್ಳುತ್ತದೆ ಅಂದುಕೊಳ್ಳುತ್ತೇವೆ.

ಡೀಸೆಲ್ ಒಂದೇ ಉರಿಯುವುದಿಲ್ಲ, ಜೊತೆಗೆ ಗಾಳಿ ಬೇಕು. ಒಂದು ಕೆಜಿ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕೆಜಿ ಗಾಳಿ ಬೇಕು. ಲೀಟರಿನಲ್ಲಿ ಹೇಳುವುದಾದರೆ, ಒಂದು ಲೀಟರ್ ಡೀಸೆಲ್‌ಗೆ ಹತ್ತಿರ ಹತ್ತಿರ 10 ಸಾವಿರ ಲೀಟರ್ ಗಾಳಿ. ಮನೆ ಮೇಲೆ ಇಟ್ಟಿರುತ್ತೀರಲ್ಲ ಸಾವಿರ ಲೀಟರಿನ ನೀರಿನ ಟ್ಯಾಂಕು, ಅಂಥವು ಹತ್ತು ತುಂಬುವಷ್ಟು. ಪಂಪಿನವನು ಡೀಸೆಲ್ ಹೆಚ್ಚಿಸಿದ, ಸರಿ. ಗಾಳಿಯನ್ನು ಯಾರು ಹೆಚ್ಚಿಸಿದರು? ಅದೇ ಟರ್ಬೊ, ಅದೇ ಧೂಳು ಹಿಡಿದ ಏರ್ ಫಿಲ್ಟರ್. ಗಾಳಿ ಸಾಲದೆ ಉಳಿದ ಡೀಸೆಲ್ಲೇ ಸೈಲೆನ್ಸರಿನಿಂದ ಕಪ್ಪು ಹೊಗೆಯಾಗಿ ಬರುವುದು. ಹೊಗೆ ಜೋರಾದರೆ ಗಾಡಿಗೆ ಜೋರು ಬಂತು ಎಂದು ಖುಷಿಪಡುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಅದು ದುಡ್ಡು ಸುಡುವ ಹೊಗೆ.

ಅಷ್ಟರಲ್ಲೇ ಮುಗಿದರೆ ಡೀಸೆಲ್ ಖರ್ಚು ಎಂದು ಸುಮ್ಮನಿರಬಹುದಿತ್ತು. ಆದರೆ ಹೆಚ್ಚು ಡೀಸೆಲ್ ಹೋದಂತೆ ಒಳಗಿನ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಬಯಲಲ್ಲಿ ಓಡುವಾಗ ಏನೂ ತಿಳಿಯುವುದಿಲ್ಲ. ಲೋಡು ಹಾಕಿಕೊಂಡು ಹತ್ತು ನಿಮಿಷ ಏರು ಹತ್ತುವಾಗ ತಿಳಿಯುತ್ತದೆ. ನಮ್ಮ ಹುಡುಗನ ಗಾಡಿ ನಿಂತಿದ್ದೂ ಏರಿನ ತುದಿಯಲ್ಲೇ.

ಇನ್ನೊಂದು ಮಾತನ್ನು ಪಂಪಿನ ಅಂಗಡಿಯವರು ಹೇಳುವುದೇ ಇಲ್ಲ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪು, ಅದರ ಪೈಪು, ಫಿಲ್ಟರು, ಇವೆಲ್ಲ ಹಳೆಯವೇ. ಬೋರಿನಲ್ಲಿ ಬರುವುದೇ ಒಂದೂವರೆ ಇಂಚು ನೀರು ಅಂದಾಗ ದೊಡ್ಡ ಮೋಟರ್ ಇಳಿಸಿದರೆ ಏನಾಗುತ್ತದೆ? ಗಾಳಿ ಎಳೆದು ಮೋಟರ್ ಸುಡುತ್ತದೆ. ಇಲ್ಲೂ ಹಾಗೇ. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಎಣ್ಣೆ. ಅದು ಸಾಲದೆ ಬಂದರೆ ಲೋಹ ಲೋಹಕ್ಕೆ ಉಜ್ಜುತ್ತದೆ. ನಿಜವಾಗಿ ಹಾರ್ಸ್‌ಪವರ್ ಬೇಕು ಅನ್ನುವವರು ಟ್ಯಾಂಕಿನ ಕಡೆಯಿಂದ ಶುರು ಮಾಡಬೇಕು: ದೊಡ್ಡ ಪೈಪು, ಫೀಡ್ ಪಂಪು, ನೀರು ಬೇರ್ಪಡಿಸುವ ಫಿಲ್ಟರು, ಆಮೇಲೆ ಪಂಪು, ನಾಜಲ್, ಆಮೇಲೆ ಟರ್ಬೊ, ಇಂಟರ್‌ಕೂಲರ್, ಕ್ಲಚ್, ಬ್ರೇಕ್. ಇಷ್ಟಕ್ಕೆ ಬಿಲ್ ಹಾಕಿಸಿ ನೋಡಿ. ಹೆಚ್ಚು ಹಾರ್ಸ್‌ಪವರಿನ ಸೆಕೆಂಡ್ ಹ್ಯಾಂಡ್ ಗಾಡಿಗೆ ಅಡ್ವಾನ್ಸ್ ಕೊಡುವುದೇ ವಾಸಿ ಅನ್ನಿಸುತ್ತದೆ.

ಹೊಸ ಗಾಡಿಗಳಲ್ಲಿ ಸ್ಕ್ರೂ ಇಲ್ಲ, ಲ್ಯಾಪ್‌ಟಾಪ್ ಹಿಡಿದ ಹುಡುಗರು ಬರುತ್ತಾರೆ. ಈ ಕಾಮನ್ ರೈಲಿನಲ್ಲಿ ಡೀಸೆಲ್ 1,600 ಬಾರ್‌ಗೂ ಮೇಲಿನ ಒತ್ತಡದಲ್ಲಿ ಓಡುತ್ತದೆ. ಲಾರಿ ಟೈರಿನ ಗಾಳಿ ಸುಮಾರು 8 ಬಾರ್, ಹೋಲಿಸಿಕೊಳ್ಳಿ. ಒಂದು ಹನಿ ನೀರು, ಒಂದು ಚಿಟಿಕೆ ಧೂಳು ಸಾಕು ನಾಜಲ್ ಹಾಳಾಗಲು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ಹೊಗೆ ಹಿಡಿಯುವ ಫಿಲ್ಟರೂ ಕಟ್ಟಿಕೊಳ್ಳುತ್ತದೆ. ಕಾನೂನಿನ ಮಾತೂ ಕೇಳಿ. ಕಂಪನಿ ಕೊಟ್ಟ, ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಬದಲಾವಣೆಗೆ ತಲಾ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರಿಗೆ ತಕರಾರು ತೆಗೆಯಲು ನಾವೇ ಕಾರಣ ಕೊಟ್ಟಂತೆ.

ಪಿಕಪ್ ಬಿದ್ದ ಗಾಡಿಗೆ ನಮ್ಮ ಸಲಹೆ ಸಪ್ಪೆಯಾಗಿದೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಬದಲಿಸಿ. ಟರ್ಬೊ ಪೈಪಿನ ಸೀಳು ಹುಡುಕಿ. ಪಂಪು, ನಾಜಲ್ ಎರಡನ್ನೂ ಬೆಂಚಿನ ಮೇಲೆ ಕಂಪನಿ ಲೆಕ್ಕಕ್ಕೇ ಸೆಟ್ ಮಾಡಿಸಿ. ಹೊಸ ಶಕ್ತಿ ಕೇಳುವ ಮೊದಲು, ಇದ್ದು ಕಳೆದುಹೋದ ಶಕ್ತಿ ವಾಪಸ್ ಬರಲಿ.

ಆದರೆ ಹುಡುಗರನ್ನು ಬೈದು ಸುಮ್ಮನಾಗುವ ಜನ ನಾವಲ್ಲ. ಅದಿರಿನ ಕಾಲದಲ್ಲಿ ಈ ಜಿಲ್ಲೆಯ ರಸ್ತೆಗಳನ್ನು ಕಂಡವರು ನಾವು. ಪಂಪ್ ಏರಿಸುವುದು ಶೋಕಿಗಲ್ಲ, ಹೆಚ್ಚು ಟನ್ ಹೊರಲಿಕ್ಕೆ. 2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಸರ್ಕಾರ 25 ಟನ್ನಿನಿಂದ 28.5ಕ್ಕೆ ಏರಿಸಿತು. ಅದೂ ಸಾಲುವುದಿಲ್ಲ, ಏಕೆಂದರೆ ಬಾಡಿಗೆ ಟನ್ ಲೆಕ್ಕದಲ್ಲಿ, ಕಂತು ತಿಂಗಳ ಲೆಕ್ಕದಲ್ಲಿ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ದಂಡ, ಹೆಚ್ಚುವರಿ ಟನ್ನಿಗೆ 2,000. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣರಾದವರೂ ಅದೇ ಕಲಮಿನಲ್ಲಿ ಬರುತ್ತಾರೆ. ಲೋಡ್ ತುಂಬಿಸಿ ಕಳಿಸಿದವರ ಮೇಲೆ ಕೇಸ್ ಬಿದ್ದದ್ದನ್ನು ನಾವಂತೂ ಇಷ್ಟು ವರ್ಷದ ವರದಿಗಾರಿಕೆಯಲ್ಲಿ ಬರೆದಿಲ್ಲ. ಅಂಥ ಒಂದು ಸುದ್ದಿ ಬರೆಯಲು ಕಾಯುತ್ತಿದ್ದೇವೆ.

ಆ ಹುಡುಗ ಎಂಜಿನ್ ಬಿಚ್ಚಿಸಿ, ಅಕ್ಕನ ಒಡವೆ ಅಡವಿಟ್ಟು ಲೈನರ್, ಪಿಸ್ಟನ್ ಹಾಕಿಸಿದ. ಪಂಪನ್ನು ಕಂಪನಿ ಲೆಕ್ಕಕ್ಕೆ ಸೆಟ್ ಮಾಡಿಸಿ ಸೀಲ್ ಹೊಡೆಸಿದ. ಮೊನ್ನೆ ಫೋನ್ ಮಾಡಿದ್ದೆವು. ಲೋಡಿಂಗ್ ಜಾಗದಲ್ಲಿದ್ದ. ಪಾಸಿಂಗ್ ತೂಕ ಮಾತ್ರ ಹಾಕಿಕೊಳ್ಳುತ್ತೇನೆ ಅಂದಿದ್ದಕ್ಕೆ ಅವನ ಗಾಡಿಯನ್ನು ಸಾಲಿನ ಕೊನೆಗೆ ನಿಲ್ಲಿಸಿದ್ದರಂತೆ. ಅವತ್ತಿಗೆ ಎರಡು ದಿನ ಆಗಿತ್ತು.