ಹೊಲಕ್ಕೆ ಬಿಡುವು, ಹಸುವಿಗೆ ಬಿಡುವು, ಮನೆಯಾಕೆಗೆ?



ಪ್ರತಿ ವಾರ ಈ ಅಂಕಣದಲ್ಲಿ ಬೀಜ, ಗೊಬ್ಬರ, ಕೀಟ, ರೋಗಗಳ ವಿಚಾರ ಓದುತ್ತೀರಿ. ಈ ವಾರ ನಿಮ್ಮ ಮನೆಯೊಳಗಿನ ವಿಚಾರವೊಂದನ್ನು ಬರೆಯುತ್ತಿದ್ದೇನೆ. ಕೃಷಿ ಪುಟದಲ್ಲಿ ಇದೇಕೆ ಎನ್ನಬೇಡಿ. ಓದಿ ಮುಗಿಸಿದ ಮೇಲೆ ಇದೂ ಬೇಸಾಯದ ವಿಚಾರವೇ ಎಂದು ನಿಮಗೇ ತೋರಬಹುದು.

ಹಿಂದಿನ ಮುಂಗಾರಿನಲ್ಲಿ ತುಂಗಭದ್ರಾ ಅಚ್ಚುಕಟ್ಟಿನ ಒಂದು ಹಳ್ಳಿಯ ರೈತರು ನನ್ನನ್ನು ಗದ್ದೆಗೆ ಕರೆಸಿದರು. ಭತ್ತ ನಾಟಿ ಮಾಡಿ ಮೂರು ವಾರವಾಗಿತ್ತು. ಎಲೆಗಳ ಮೇಲೆ ಕಂದು ಚುಕ್ಕೆಗಳು ಕಂಡಿದ್ದವು. ಸತುವಿನ ಕೊರತೆ. ಚುಕ್ಕೆ ಕಂಡ ಎರಡೇ ದಿನಕ್ಕೆ ಹೇಳಿಕಳಿಸಿದ್ದರು. ಅವರ ಎಚ್ಚರಿಕೆ ನೋಡಿ ಮೆಚ್ಚಿಕೊಂಡೆ. ಉಪಾಯ ಹೇಳುತ್ತಿದ್ದಾಗಲೇ, ಕಳೆ ತೆಗೆಯುತ್ತಿದ್ದ ಅವರ ಹೆಂಡತಿ ತಲೆ ಸುತ್ತಿ ಬದುವಿನ ಮೇಲೆ ಕುಸಿದು ಕುಳಿತರು. ಪಕ್ಕದ ಮರಕ್ಕೆ ಕಟ್ಟಿದ ಜೋಳಿಗೆಯಲ್ಲಿ ಹತ್ತು ತಿಂಗಳ ಕೂಸು. ಹೊಟ್ಟೆಯಲ್ಲಿ ಐದು ತಿಂಗಳ ಇನ್ನೊಂದು. ಊರಿನ ಆಶಾ ಕಾರ್ಯಕರ್ತೆ ಬಂದು ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. ಒಳಗೆ ಕೆಂಪೇ ಇರಲಿಲ್ಲ.

ಪೈರಿನ ಬಣ್ಣ ಬದಲಾದದ್ದನ್ನು ಎರಡು ದಿನದಲ್ಲಿ ಕಂಡ ಕಣ್ಣಿಗೆ, ತಿಂಗಳುಗಟ್ಟಲೆ ಬಿಳಿಚಿಕೊಳ್ಳುತ್ತಿದ್ದ ಮನೆಯಾಕೆಯ ಮುಖ ಕಂಡಿರಲಿಲ್ಲ. ಆ ರೈತರು ಕೆಟ್ಟವರಲ್ಲ. "ಎರಡೂ ಲಗೂನ ಆದ್ರ ಆಪರೇಷನ್ ಮಾಡಿಸಿ ಬಿಡೂದ್ರೀ ಸಾಹೇಬ್ರ, ಕೆಲಸ ಮುಗೀತದ" ಎಂದರು. ಅನೇಕ ಮನೆಗಳ ಲೆಕ್ಕವೂ ಇದೇ.

ಈ ಲೆಕ್ಕದಲ್ಲಿ ತಪ್ಪೆಲ್ಲಿದೆ? ಮಕ್ಕಳ ಸಂಖ್ಯೆಯಲ್ಲಿ ತಪ್ಪಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಚಿಕ್ಕ ಸಂಸಾರದ ಪಾಠವನ್ನು ನಮ್ಮ ಜನ ಕಲಿತಾಗಿದೆ. ಕಲಿಯದೆ ಉಳಿದಿರುವುದು ಅಂತರದ ಪಾಠ. ಅದೇ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ.

ಒಂದೇ ಹೊಲದಲ್ಲಿ ಬಿಡುವಿಲ್ಲದೆ ಬೆಳೆ ತೆಗೆದರೆ ಸಾರ ಇಳಿಯುತ್ತದೆಂದು ನಿಮಗೆ ಗೊತ್ತು. ಕರು ಹಾಕುವ ಎರಡು ತಿಂಗಳು ಮೊದಲು ಹಸುವಿನ ಹಾಲು ಬತ್ತಿಸುತ್ತೀರಿ. ಹೆಣ್ಣುಮಗಳನ್ನು ಹೊಲಕ್ಕೋ ಹಸುವಿಗೋ ಹೋಲಿಸುವುದು ನನ್ನ ಉದ್ದೇಶವಲ್ಲ. ಅವುಗಳಿಗೆ ಕೊಡುವಷ್ಟು ಯೋಚನೆಯೂ ಆಕೆಯ ಪಾಲಿಗೆ ಬಂದಿಲ್ಲವಲ್ಲ ಎಂಬುದೇ ನನ್ನ ಸಂಕಟ. ಬಸಿರು, ಹೆರಿಗೆ, ಹಾಲೂಡಿಕೆಗಳಲ್ಲಿ ತಾಯಿಯ ಮೈಯ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಖರ್ಚಾಗುತ್ತವೆ. ಅದು ತುಂಬಿಕೊಳ್ಳುವ ಮೊದಲೇ ಮತ್ತೆ ಗರ್ಭ ನಿಂತರೆ ತಾಯಿಗೆ ರಕ್ತಹೀನತೆ, ಮಗುವಿಗೆ ದಿನ ತುಂಬದ ಹೆರಿಗೆ ಮತ್ತು ಕಡಿಮೆ ತೂಕದ ಅಪಾಯ ಹೆಚ್ಚು. ತೊಟ್ಟಿಲಲ್ಲಿರುವ ಕೂಸಿಗೂ ತಾಯಿಹಾಲು ಬೇಗ ತಪ್ಪುತ್ತದೆ.

ಆದ್ದರಿಂದಲೇ ಒಂದು ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳು ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಎಂದರೆ ಮಕ್ಕಳ ನಡುವೆ ಸುಮಾರು ಮೂರು ವರ್ಷದ ಅಂತರ. ಗರ್ಭಪಾತವಾಗಿದ್ದರೆ ಕನಿಷ್ಠ ಆರು ತಿಂಗಳು.

"ಹಾಲು ಕುಡಿಸುವಾಗ ಗರ್ಭ ನಿಲ್ಲುವುದಿಲ್ಲ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲನ್ನು ಮಾತ್ರ ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಭರವಸೆಯಿಲ್ಲ. ಮುಟ್ಟು ಕಾಣುವ ಮೊದಲೇ ಗರ್ಭ ನಿಲ್ಲುವುದೂ ಉಂಟು.

ಅಂತರಕ್ಕೆ ಸಾಧನಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ ಅಥವಾ ಆರು ವಾರದ ನಂತರ ಹಾಕಿಸಬಹುದು. ಮಗು ಬೇಕೆನಿಸಿದಾಗ ತೆಗೆಸಬಹುದು. 'ಅಂತರಾ' ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. 'ಛಾಯಾ' ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಹಾಲೂಡಿಸುವ ತಾಯಂದಿರೂ ತೆಗೆದುಕೊಳ್ಳಬಹುದು. ಯಾರಿಗೆ ಯಾವುದು ಹೊಂದುತ್ತದೆ ಎಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಒಂದೇ ಗೊಬ್ಬರ ಎಲ್ಲ ಮಣ್ಣಿಗೂ ಒಗ್ಗುವುದಿಲ್ಲ ತಾನೆ?

ಗಂಡಸರ ಪಾಲಿನ ಮಾತೂ ಇದೆ. ನಿರೋಧ್ ಬಳಸಲು ಯಾವ ವೈದ್ಯರ ಅಪ್ಪಣೆಯೂ ಬೇಡ. ಇನ್ನು ಮಕ್ಕಳು ಸಾಕು ಎಂದು ಇಬ್ಬರೂ ನಿಶ್ಚಯಿಸಿದ ಮೇಲೆ ಗಂಡಸರ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ. ಹೊಲಿಗೆಯೂ ಇಲ್ಲದೆ ಮುಗಿಯುತ್ತದೆ. ನೇಗಿಲು ಹಿಡಿಯುವ ಶಕ್ತಿ ಕುಂದುವುದಿಲ್ಲ, ಪುರುಷತ್ವಕ್ಕೂ ಕುಂದಿಲ್ಲ. ಮೊದಲ ಮೂರು ತಿಂಗಳು ಮಾತ್ರ ನಿರೋಧ್ ಬಳಸಬೇಕು. ಹೀಗಿದ್ದೂ ಇದನ್ನು ಮಾಡಿಸಿಕೊಂಡವರನ್ನು ನಮ್ಮ ಹಳ್ಳಿಗಳಲ್ಲಿ ಹುಡುಕಬೇಕಾಗಿದೆ.

ಮನೆಯ ಹಿರಿಯರಲ್ಲಿ ಒಂದು ಬಿನ್ನಹ. ಬಾಣಂತಿಗೆ ಸೊಪ್ಪು ಶೀತ, ನೀರು ಬೇಡ ಎಂದು ತಡೆಯಬೇಡಿ. ಸೊಪ್ಪು, ಬೇಳೆಕಾಳು, ಮೊಟ್ಟೆ ಕೊಡಿ. ಕಬ್ಬಿಣಾಂಶದ ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಚಹಾ, ಕಾಫಿಯ ಜೊತೆ ಬೇಡ.

ಇದೆಲ್ಲ ಹೊಸ ಕಾಲದ ಹುಚ್ಚು ಎನ್ನುವವರಿಗೆ ಒಂದು ಮಾತು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತ್ತು. ದೇಶ ಕುಟುಂಬ ಯೋಜನೆ ಆರಂಭಿಸಿದ 1952ಕ್ಕಿಂತ ಅದು ಎರಡು ದಶಕ ಮುಂದು.

ನನ್ನದೂ ಒಂದು ತಪ್ಪೊಪ್ಪಿಗೆ. ಕೃಷಿ ಪದವಿ ಪಡೆದು ಇಪ್ಪತ್ತು ವರ್ಷ ಊರೂರು ತಿರುಗಿದರೂ ನಾನು ಜಗಲಿಯ ಮೇಲೆ ಗಂಡಸರೊಡನೆ ಮಾತಾಡಿಯೇ ಮರಳುತ್ತಿದ್ದೆ. ನಾಟಿ ಹಾಕುವ, ಕಳೆ ಕೀಳುವ, ಹೈನು ನೋಡುವ ಕೈಗಳು ಒಳಗಿದ್ದವು. ಅವರ ಯೋಗಕ್ಷೇಮ ನನ್ನ ಇಲಾಖೆಯದಲ್ಲ ಎಂದುಕೊಂಡಿದ್ದೆ.

ಆ ತಾಯಿಗೆ ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಚುಚ್ಚುಮದ್ದು ಕೊಟ್ಟರು. ಹೆರಿಗೆ ಆಯಿತು, ತಾಯಿ ಉಳಿದರು. ಮಗುವಿನ ತೂಕ ಎರಡು ಕಿಲೋಗೆ ತುಸು ಮೇಲೆ, ಎರಡೂವರೆಯಾದರೂ ಇರಬೇಕಿತ್ತು. ಸತು ಹಾಕಿದ ಗದ್ದೆ ಮೂರು ವಾರದಲ್ಲಿ ಹಸಿರಾಯಿತು. ಆಕೆ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು.

ಬಿತ್ತನೆಗೆ ಮುಂಚೆ ಬೀಜ ಗೊತ್ತುಮಾಡುತ್ತೀರಿ. ಹಾಗೆಯೇ ಮನೆಯಲ್ಲಿ ಬಸುರಿ ಇದ್ದರೆ, ಒಂಬತ್ತು ತುಂಬುವ ಮೊದಲು ಗಂಡಹೆಂಡಿರಿಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿ ಅಂತರದ ವಿಚಾರ ಗೊತ್ತುಮಾಡಿಕೊಂಡು ಬನ್ನಿ. ಮೊದಲು ಆಕೆಯ ಮಾತು ಕೇಳಿ, ಮೈ ಆಕೆಯದು. ಈ ಪುಟವನ್ನು ವಾಚನಾಲಯದಲ್ಲೇ ಮಡಿಚಿಟ್ಟು ಹೋಗದೆ, ಇವತ್ತು ಸಂಜೆ ಮನೆಯಲ್ಲೊಮ್ಮೆ ಇದರ ಮಾತೆತ್ತಿ.