ಹೋಲಿಕೆ ಬೇರೆ, ಪ್ರಭಾವ ಬೇರೆ

ಅಮೆರಿಕದ ಸಾಹಿತ್ಯವನ್ನು ಅಭ್ಯಸಿಸಿ ಸಂಶೋಧನ ಪ್ರಬಂಧ ರಚಿಸಲು ತೊಡಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕಂಡಾಗ ಹರ್ಷವಾಗುತ್ತದೆ. ಆದರೆ ವಾಲ್ಟ್ ವಿಟ್ಮನ್ನನ ಮುಕ್ತಛಂದಕ್ಕೆ ನಮ್ಮ ವಚನಗಳೇ ಮೂಲವೆಂದು ಕೆಲವರು ಸಾಧಿಸಹೊರಡುವುದುಂಟು. ಈ ಅಭಿಮಾನವು ಸಹಜವಾದರೂ ಶಾಸ್ತ್ರಸಮ್ಮತವಲ್ಲ.

ಪ್ರಭಾವವೆಂದರೆ ಅದಕ್ಕೊಂದು ದಾರಿ ಇರಬೇಕು. ವಿಲ್ಕಿನ್ಸ್ ಪಂಡಿತನ ಗೀತಾನುವಾದವು 1785ರಲ್ಲಿ ಪ್ರಕಟವಾಯಿತು. ಥೋರೋ ಮಹಾಶಯನು 1854ರ ‘ವಾಲ್ಡೆನ್’ ಗ್ರಂಥದಲ್ಲಿ ಗೀತೆಯನ್ನು ಹೆಸರಿಸಿಯೇ ಸ್ಮರಿಸಿದ್ದಾನೆ. ಇಲ್ಲಿ ದಾರಿ ಸ್ಪಷ್ಟವಾಗಿದೆ. ವಿಟ್ಮನ್ನನ ಕವನಸಂಗ್ರಹದ ಮೊದಲ ಮುದ್ರಣ 1855ರದು. ಅವನು ಗತಿಸಿದ್ದು 1892ರಲ್ಲಿ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಅಚ್ಚಾದದ್ದು 1923ರಲ್ಲಿ, ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ‘ಸ್ಪೀಕಿಂಗ್ ಆಫ್ ಶಿವ’ ಬಂದದ್ದು 1973ರಲ್ಲಿ. ಇನ್ನು ದಾರಿ ಎಲ್ಲಿಯದು?

ಆದರೂ ಹೋಲಿಕೆ ವ್ಯರ್ಥವಲ್ಲ. ಪರಸ್ಪರ ಪರಿಚಯವಿಲ್ಲದ ಎರಡು ನಾಡುಗಳಲ್ಲಿ ಛಂದಸ್ಸಿನ ಕಟ್ಟನ್ನು ಸಡಿಲಿಸಿ ಜನರ ನುಡಿ ಕಾವ್ಯವಾದುದೇಕೆ ಎಂಬುದು ಅದಕ್ಕಿಂತ ಹಿರಿದಾದ ಪ್ರಶ್ನೆ. ಪ್ರಬಂಧವು ಅದನ್ನು ಕೇಳಲಿ.

ನಮ್ಮ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು ಎಂದು ವಿದ್ವಾಂಸರು ನಿರ್ಣಯಿಸಿದ್ದು ಊರಿನ ಮೇಲಣ ಮಮತೆಯಿಂದಲ್ಲ, ಕಲ್ಲಿನ ಅಕ್ಷರಗಳನ್ನು ಓದಿ. ಶರಣರ ಅಂಕಿತಗಳಿಂದ ಯಾವ ವಚನ ಯಾರದೆಂದು ಇಂದಿಗೂ ತಿಳಿಯುತ್ತದೆ. ಪ್ರಬಂಧದಲ್ಲಿ ಆಕರವನ್ನು ಹೆಸರಿಸುವುದೂ ಅದೇ ಧರ್ಮ.

ಆದುದರಿಂದ ಅಧ್ಯಾಪಕ ಬಂಧುಗಳು ಪ್ರೌಢಶಾಲೆಯಲ್ಲಿಯೇ ಮಕ್ಕಳಿಂದ ಆಕರಸಹಿತವಾದ ಒಂದೊಂದು ಕಿರುಪ್ರಬಂಧವನ್ನು ಬರೆಯಿಸಲಿ. ದಾನಿಗಳು ಗ್ರಂಥಾಲಯಕ್ಕೆ ನಿಘಂಟುಗಳನ್ನೂ ಮೂಲಗ್ರಂಥಗಳನ್ನೂ ಒದಗಿಸಲಿ. ಪ್ರಮಾಣವಿಲ್ಲದ ಹೊಗಳಿಕೆಯಿಂದ ಶರಣರ ಹಿರಿಮೆ ಹೆಚ್ಚದು.