ಆಡುವ ಖರ್ಚು, ನೋಡುವ ಖರ್ಚು

ಕ್ರೀಡೆಯಿಂದ ದೇಹಕ್ಕೆ ಆರೋಗ್ಯ, ಮನಸ್ಸಿಗೆ ಉಲ್ಲಾಸ, ಸಮಾಜದಲ್ಲಿ ಸೌಹಾರ್ದ ಉಂಟಾಗುವುದೆಂದು ನಮ್ಮ ಕಾಲೇಜಿನ ಕ್ರೀಡೋತ್ಸವವನ್ನು ಉದ್ಘಾಟಿಸಲು ಬಂದ ಮಹನೀಯರೆಲ್ಲರೂ ಹೇಳಿ ಹೋಗಿದ್ದಾರೆ. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಆದರೆ ಈ ಆರೋಗ್ಯ, ಉಲ್ಲಾಸ, ಸೌಹಾರ್ದಗಳಿಗಾಗಿ ಯಾರ ಕಿಸೆಯಿಂದ ಎಷ್ಟು ಹಣ ಹೋಗುತ್ತದೆಂಬುದನ್ನು ಯಾವ ಭಾಷಣಕಾರರೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು, ಅದೂ ಆಕಸ್ಮಿಕವಾಗಿ.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ತರಗತಿಯಲ್ಲಿ ಒಮ್ಮೆ, “ನಿಮ್ಮ ಜೀವನದ ಯಾವುದಾದರೊಂದು ಬಾಬತ್ತಿನ ಖರ್ಚನ್ನು ಒಂದು ವರ್ಷ ಕಾಲ ಬರೆದಿಡಿರಿ, ಪುಸ್ತಕದಲ್ಲಿಲ್ಲದ ಅರ್ಥಶಾಸ್ತ್ರ ಅದರಲ್ಲಿ ಸಿಕ್ಕುತ್ತದೆ” ಎಂದಿದ್ದರು. ಬರೆಯುವ ಶ್ರಮ ಕಡಿಮೆಯಾಗಲೆಂದು ನಾನು ಆಟದ ಬಾಬತ್ತನ್ನು ಆರಿಸಿಕೊಂಡೆ. ಪಣಂಬೂರಿನ ಕಡಲ ಕಿನಾರೆಗೆ ಹತ್ತು ನಿಮಿಷದ ದಾರಿಯಲ್ಲಿ ಮನೆ. ಮರಳಿನ ಮೇಲೆ ಬರಿಗಾಲಿನಲ್ಲಿ ಟೆನ್ನಿಸ್ ಚೆಂಡಿನ ಕ್ರಿಕೆಟ್. ಇದಕ್ಕೆ ಖರ್ಚಾದರೂ ಏನು? ವರ್ಷಕ್ಕೆ ಎರಡು ಪುಟ ಸಾಕೆಂದುಕೊಂಡೆ. 2024ರ ಜೂನ್ ತಿಂಗಳಿನಿಂದ 2025ರ ಮೇ ತಿಂಗಳವರೆಗೆ ಬರೆದೆ. ಹದಿನೇಳು ಪುಟಗಳಾದವು.

ಮೊದಲು ಆಡಿದ ಖರ್ಚನ್ನು ಹೇಳಿಬಿಡುತ್ತೇನೆ, ಅದು ಬೇಗ ಮುಗಿಯುತ್ತದೆ. ಚೆಂಡುಗಳಿಗೆ ನನ್ನ ಪಾಲು 240 ರೂಪಾಯಿ. (ಕಡಲಿಗೆ ಹೊಡೆದವನೇ ಚೆಂಡು ತರತಕ್ಕದ್ದೆಂಬ ನಿಯಮ ನಮ್ಮಲ್ಲಿದೆ, ಆದುದರಿಂದ ನಾನು ಹೊಡೆತಗಾರನಲ್ಲವೆಂಬುದು ಈ ಅಂಕೆಯಿಂದಲೇ ತಿಳಿಯುತ್ತದೆ.) ಮೂರು ಪಂದ್ಯಾಟಗಳ ಪ್ರವೇಶ ಶುಲ್ಕದಲ್ಲಿ ನನ್ನ ಪಾಲು 450. ತಂಡದ ಅಂಗಿ 300. ಮಳೆಗಾಲದಲ್ಲಿ ಕಿನಾರೆಗೆ ಇಳಿಯುವಂತಿಲ್ಲವಾದ ಕಾರಣ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಟರ್ಫ್ ಅಂಗಳದಲ್ಲಿ ನಾಲ್ಕು ಸಲ ಆಡಿದ್ದಕ್ಕೆ 400. ಒಟ್ಟು 1,390 ರೂಪಾಯಿ.

ಇನ್ನು ನೋಡಿದ ಖರ್ಚು. 2024ರ ಜೂನ್ 29ರ ರಾತ್ರಿ ಭಾರತವು ಟಿ-20 ವಿಶ್ವಕಪ್ಪನ್ನು ಗೆದ್ದಾಗ ಪಟಾಕಿಗೂ ಚಹಕ್ಕೂ 160. ಬಂಗ್ರಕೂಳೂರಿನ ಕಂಬಳಕ್ಕೆ ಬಸ್ಸು, ಚರುಮುರಿ, ಐಸ್‌ಕ್ರೀಂ ಸೇರಿ 150. ಮೊಬೈಲಿನಲ್ಲಿ ಪಂದ್ಯ ನೋಡಲು ಮೂರು ತಿಂಗಳ ಚಂದಾ 149. ನೋಡುತ್ತಿರುವಾಗಲೇ ಡೇಟಾ ಮುಗಿದು ಮತ್ತೆ ಮತ್ತೆ ಹಾಕಿಸಿದ್ದು 610. ಮೊಬೈಲಿನಲ್ಲೇ ಹನ್ನೊಂದು ಜನರ ತಂಡ ಕಟ್ಟಿ ಹಣ ಹೂಡುವ ಆಟಕ್ಕೆ, ಒಂದು ಸಲಕ್ಕೆ 49ರಂತೆ ಇಪ್ಪತ್ತಮೂರು ಸಲ, 1,127. ಅದರಲ್ಲಿ ಗೆದ್ದು ಬಂದದ್ದು 180. ಈ ಕೊನೆಯ ಸಾಲನ್ನು ತಂದೆಯವರು ಈ ಸಂಚಿಕೆಯಲ್ಲಿಯೇ ಮೊದಲ ಬಾರಿ ಓದುವರು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದರಿಂದ ಆ ದಾರಿ ಮುಚ್ಚಿತು. ನನ್ನ ವಿವೇಕದಿಂದ ಮುಚ್ಚಿತೆಂದು ಹೇಳಿದರೆ ಸುಳ್ಳಾದೀತು.

ಉಳಿದದ್ದು ಬೆಂಗಳೂರಿನ ಒಂದು ಸಂಜೆ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೂ ದೆಹಲಿ ತಂಡಕ್ಕೂ ಪಂದ್ಯ. ಟಿಕೇಟಿಗೆ 2,300, ಕೆಂಪು ಬಸ್ಸಿನಲ್ಲಿ ಹೋಗಿ ಬರಲು 980, ಊಟ ತಿಂಡಿಗೆ 420, ಗೇಟಿನ ಹೊರಗೆ ಕೊಂಡ ಕೆಂಪು ಅಂಗಿಗೆ 350, ಒಟ್ಟು 4,050. ಅಷ್ಟು ದೂರ ಹೋಗಿ ಅಷ್ಟು ಹಣ ತೆತ್ತು ನಾನು ಕಂಡದ್ದೇನು? ನಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್, ದೆಹಲಿಯ ಪರವಾಗಿ ಔಟಾಗದೆ 93 ಓಟ ಹೊಡೆದು, ನಾನು ಯಾರ ಅಂಗಿ ತೊಟ್ಟು ಕುಳಿತಿದ್ದೆನೋ ಆ ತಂಡವನ್ನು ಸೋಲಿಸಿದ್ದನ್ನು. ನೆರೆಯೂರಿನವನ ಆಟ ನೋಡಲು ಘಟ್ಟ ಹತ್ತಿ, ಎದುರು ಪಕ್ಷದ ಅಂಗಿ ತೊಟ್ಟು ಕುಳಿತವನಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಮೆಲ್ಲಗೆ ತಟ್ಟಿದೆ. ಹಣ ಹೋದದ್ದಕ್ಕೆ ಆಗ ದುಃಖವಾಗಲಿಲ್ಲ, ಈಗಲೂ ಅದನ್ನು ಪೂರ್ತಿ ದಂಡವೆನ್ನಲಾರೆ; ದೀಪಗಳ ಕೆಳಗಿನ ಆ ಹಸುರನ್ನು ಕಂಡವರಿಗೆ ಅದು ಗೊತ್ತು. ಮನೆಗೆ ಬಂದ ಮೇಲೆ ಅರ್ಥಶಾಸ್ತ್ರದ ವಿದ್ಯಾರ್ಥಿಯ ಬುದ್ಧಿ ಜಾಗೃತವಾಗಿ ಟಿಕೇಟಿನ ಹಣವನ್ನು ಬಿಡಿಸಿ ನೋಡಿದೆ. ಆಗ ಐಪಿಎಲ್ ಟಿಕೇಟಿನ ಮೇಲೆ ಶೇಕಡಾ 28 ತೆರಿಗೆ. ಎಂದರೆ ನನ್ನ 2,300ರಲ್ಲಿ ಸುಮಾರು 503 ರೂಪಾಯಿ ಸರ್ಕಾರಕ್ಕೆ. 2025ರ ಸೆಪ್ಟೆಂಬರ್ 22ರಿಂದ ಅದನ್ನು 40ಕ್ಕೆ ಏರಿಸಿ, ಕುದುರೆ ಜೂಜು, ಕೆಸಿನೊಗಳ ಪಂಕ್ತಿಯಲ್ಲಿ ಕೂಡಿಸಿದ್ದಾರೆ. ಅದೇ ಕುರ್ಚಿಗೆ ಇನ್ನು 2,516 ಆದೀತು.

ನೋಡಿದ ಖರ್ಚು ಹೀಗೆ ಒಟ್ಟು 6,066. ಆಡಿದ್ದಕ್ಕಿಂತ ನಾಲ್ಕು ಪಟ್ಟಿಗೂ ಮೇಲು. ಎರಡನ್ನೂ ಕೂಡಿಸಿದರೆ 7,456. ಭಾರತ ಸರ್ಕಾರದ 2023-24ನೆಯ ಸಾಲಿನ ಗೃಹಬಳಕೆ ವೆಚ್ಚದ ಸಮೀಕ್ಷೆಯಂತೆ, ನಗರದಲ್ಲಿರುವ ಒಬ್ಬ ಮನುಷ್ಯನ ತಿಂಗಳ ಸರಾಸರಿ ವೆಚ್ಚ, ಊಟ ಉಡುಪು ಔಷಧ ಎಲ್ಲ ಸೇರಿ, 6,996 ರೂಪಾಯಿ. ಸಂಪಾದನೆಯಿಲ್ಲದ ನಾನು, ಒಬ್ಬನು ಒಂದು ತಿಂಗಳು ಬಾಳಬಹುದಾದ ಹಣಕ್ಕಿಂತ ಹೆಚ್ಚನ್ನು ಆಟದ ಹೆಸರಿನಲ್ಲಿ ಕಳೆದಿದ್ದೆ. ಅದರ ಬಹುಭಾಗ ನಾನು ಕುಳಿತಿದ್ದಾಗಲೇ ಕಳೆದದ್ದು.

ನೋಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ಕಂಬಳವನ್ನೇ ನೋಡಿರಿ. ಅಲ್ಲಿ ಲೆಕ್ಕ ತಲೆಕೆಳಗಾಗಿದೆ. ಕೋಣಗಳ ಯಜಮಾನನು ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿಸಿ, ಈಜಿಸಿ, ಆಳುಗಳನ್ನಿಟ್ಟು ಲಕ್ಷಗಳ ಲೆಕ್ಕದಲ್ಲಿ ವ್ಯಯ ಮಾಡುತ್ತಾನೆ. ಗೆದ್ದರೆ ಸಾಮಾನ್ಯವಾಗಿ ಎರಡು ಪವನು ಚಿನ್ನ. ಆ ಚಿನ್ನದಿಂದ ಹುರುಳಿಯ ಬಾಕಿಯೂ ತೀರಲಿಕ್ಕಿಲ್ಲ. ನೋಡುವವನಿಗೋ ಎಲ್ಲವೂ ಬಿಟ್ಟಿ. ಕೆಸರು ಕೂಡ ಬಿಟ್ಟಿಯಾಗಿ ಮೈಮೇಲೆ ಬೀಳುತ್ತದೆ. ಅಭಿಮಾನಕ್ಕಾಗಿ ಒಬ್ಬನು ಕೊಟ್ಟು ಊರೆಲ್ಲ ನೋಡುವ ಪದ್ಧತಿ ಅದು. ಇದಕ್ಕೆ ವಿರುದ್ಧವಾಗಿ, 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಮೊಬೈಲಿನಲ್ಲಿ ಬಿಟ್ಟಿ ತೋರಿಸಿದಾಗ ನಾವೆಲ್ಲ ಹಿಗ್ಗಿದೆವು. ಆದರೆ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಷ್ಟನ್ನು ಕೊಟ್ಟವರು ಕಂಬಳದ ಯಜಮಾನರಂತೆ ಅಭಿಮಾನಕ್ಕಾಗಿ ಕೊಟ್ಟವರಲ್ಲವಷ್ಟೆ. ನನ್ನ 149, ನನ್ನ 610, ಎಲ್ಲವೂ ಆ ದೊಡ್ಡ ಕಡಲಿಗೆ ಹರಿದ ಸಣ್ಣ ತೋಡುಗಳು.

ಪುಸ್ತಕವನ್ನು ಮತ್ತೊಮ್ಮೆ ತಿರುವಿ ಹಾಕಿದಾಗ ನನಗೆ ಇನ್ನೊಂದು ಸಂಗತಿ ಕಾಣಿಸಿತು. ಈ ಲೇಖನ ಬರೆದುದಕ್ಕೆ ಅದೇ ಕಾರಣ.

ನೋಡುವ ಖರ್ಚು ಚೂರುಚೂರಾಗಿ ಹೋಗುತ್ತದೆ; ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಇಂದು 49, ನಾಳೆ 19, ಬೆರಳು ಒತ್ತಿದರಾಯಿತು. ಬೆಂಗಳೂರಿನ ಹಣವನ್ನು ಕೂಡ ನಾನು ಆರು ತಿಂಗಳು ಬಸ್ಸಿನ ಚಿಲ್ಲರೆಯಲ್ಲಿ ಉಳಿಸಿ, ಅಜ್ಜಿ ಕೊಟ್ಟದ್ದನ್ನು ಸೇರಿಸಿ ಮಾಡಿದ್ದೆ. ಆಡುವ ಖರ್ಚಾದರೋ ಒಂದೇ ಗಂಟಾಗಿ ಎದುರು ನಿಲ್ಲುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕು. ಕೇಳಿದಾಗ ಮನೆಯಲ್ಲಿ ಅದು ದುಂದಾಗಿ ಕಾಣುತ್ತದೆ.

ನನ್ನ ತಂಗಿ ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವಳು. ಕಬಡ್ಡಿ ಆಡುತ್ತಾಳೆ, ಚೆನ್ನಾಗಿಯೇ ಆಡುತ್ತಾಳೆ. ಕಬಡ್ಡಿಗೆ ಉಸಿರೊಂದಿದ್ದರೆ ಸಾಕು ಎಂದು ಹಿಂದೆ ಹೇಳುತ್ತಿದ್ದರು. ಈಗ ದೊಡ್ಡ ಪಂದ್ಯಗಳೆಲ್ಲ ಮಣ್ಣನ್ನು ಬಿಟ್ಟು ಮ್ಯಾಟಿನ ಮೇಲೆ ನಡೆಯುತ್ತವೆ. ಮ್ಯಾಟಿನ ಮೇಲೆ ಬರಿಗಾಲು ಜಾರುತ್ತದೆ, ಅದಕ್ಕೆ ಬೇರೆಯೇ ಬೂಟು ಬೇಕು. 2024ರ ಆಗಸ್ಟ್ ತಿಂಗಳಲ್ಲಿ ಅವಳು ಆಯ್ಕೆಯ ಪಂದ್ಯಕ್ಕೆ ಹೋಗಬೇಕಾಗಿತ್ತು. ಬೂಟಿಗೆ 1,450 ರೂಪಾಯಿ. ಎರಡು ದಿನ ತಂದೆಯವರ ಮುಖ ನೋಡಿ ಸುಮ್ಮನಾದಳು. ಮೂರನೆಯ ದಿನ ನನ್ನ ಹತ್ತಿರ ಬಂದು, “ಅಣ್ಣ, ನೀನು ಒಮ್ಮೆ ಅಪ್ಪನ ಹತ್ತಿರ ಹೇಳುತ್ತೀಯಾ?” ಎಂದಳು.

“ಮುಂದಿನ ತಿಂಗಳು ನೋಡುವ” ಎಂದೆ ನಾನು.

ಆಯ್ಕೆ ಇದ್ದದ್ದು ಅದೇ ತಿಂಗಳು. ಅವಳು ಹೋಗಲಿಲ್ಲ, ಕಾಲು ನೋವೆಂದು ಶಾಲೆಯಲ್ಲಿ ಹೇಳಿದಳಂತೆ. ಆ ತಿಂಗಳ ನನ್ನ ಪುಟದಲ್ಲಿ ಒಟ್ಟು 395 ರೂಪಾಯಿ ಬರೆದಿದೆ, ಎಲ್ಲವೂ ಮೊಬೈಲಿನದು. ಆ 395ರಿಂದ ಬೂಟು ಬರುತ್ತಿರಲಿಲ್ಲವೆಂಬುದು ನಿಜ. ಆದರೆ ಉಳಿದದ್ದನ್ನು ಕೇಳಲು ನಾಲಗೆಯೊಂದೇ ಬೇಕಾಗಿತ್ತು; ಅದಕ್ಕೆ ಖರ್ಚಿಲ್ಲ.

ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಹೊರಟ ಮಮತಾ ಪೂಜಾರಿಯವರು ಭಾರತದ ಮಹಿಳಾ ಕಬಡ್ಡಿ ತಂಡದ ನಾಯಕಿಯಾಗಿ 2012ರಲ್ಲಿ ವಿಶ್ವಕಪ್ಪನ್ನು ತಂದರು; 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅವರ ಹೆಸರನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಭಾಷಣ ಮುಗಿಸಿ ಮನೆಗೆ ಹೋಗಿ, ತಂಗಿಯ ಬೂಟಿನ ಮಾತು ಬಂದರೆ ಮುಂದಿನ ತಿಂಗಳು ನೋಡುವ ಎನ್ನುತ್ತೇವೆ. ನನ್ನ ಕ್ರಿಕೆಟಿನ 1,390 ರೂಪಾಯಿಗೆ ಮನೆಯಲ್ಲಿ ಯಾರೂ ಲೆಕ್ಕ ಕೇಳಿದವರಿಲ್ಲವೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಗಂಡುಮಕ್ಕಳ ಆಟ ಖರ್ಚಿನ ಪಟ್ಟಿಗೇ ಬರುವುದಿಲ್ಲ.

ಅಜ್ಜನೊಡನೆ ಈ ವಿಷಯ ಮಾತಾಡಿದೆ. ಅವರ ಬಾಲ್ಯ ಪಣಂಬೂರಿನ ಗದ್ದೆಗಳಲ್ಲಿ ಕಳೆಯಿತು. 1960ರ ದಶಕದಲ್ಲಿ ಬಂದರಿಗಾಗಿ ಭೂಮಿ ಹೋಗಿ, ಅವರ ಮನೆಯವರು ಕಾಟಿಪಳ್ಳಕ್ಕೆ ಹೋಗಿ ನೆಲಸಿದರು. ತಂದೆಯವರು ಬಂದರಿನ ಕಡೆ ಕೆಲಸ ಸಿಕ್ಕಿದ್ದರಿಂದ ಮತ್ತೆ ಈ ಊರಿಗೆ ಬಾಡಿಗೆಯವರಾಗಿ ಬಂದರು. “ಕೊಯ್ಲು ಮುಗಿದರೆ ಇಡೀ ಬೈಲೇ ನಮ್ಮದು ಮಗಾ. ಕುಟ್ಟಿದೊಣ್ಣೆಗೆ ಮರದ ಗೆಲ್ಲು, ಲಗೋರಿಗೆ ಒಡೆದ ಹಂಚು. ಮನೆಯಲ್ಲಿ ದುಡ್ಡು ಕೇಳಿದ್ದು ಎಂಬುದೇ ನೆನಪಿಲ್ಲ” ಎಂದರು ಅಜ್ಜ. ಸ್ವಲ್ಪ ತಡೆದು, “ಹೆಣ್ಣುಮಕ್ಕಳು ಆಡುತ್ತಿರಲಿಲ್ಲ ಅನ್ನು. ಅವರಿಗೆ ಒಳಗೆ ಚೆನ್ನೆಮಣೆ” ಎಂದು ಸೇರಿಸಿದರು. ಅವರ ಕಾಲ ಹೊನ್ನಿನ ಕಾಲವೆಂದು ಬರೆಯಲು ಹೊರಟಿದ್ದ ನನ್ನ ಲೇಖನಿ ಆ ಒಂದು ಮಾತಿಗೆ ನಿಂತಿತು. ಆದರೂ ಬೈಲಿಗೆ ಬಾಡಿಗೆ ಇರಲಿಲ್ಲವೆಂಬುದನ್ನು ಮರೆಯಲಾಗದು. ಗಂಟೆಗೆ ಇಷ್ಟೆಂದು ಹುಲ್ಲುಹಾಸಿನ ಬಾಡಿಗೆ ಕೊಡುವ ನಾವು, ವಾಸ್ತವವಾಗಿ ಆಟಕ್ಕಲ್ಲ, ಹೋದ ಬೈಲಿಗೆ ಹಣ ಕೊಡುತ್ತಿದ್ದೇವೆ.

ಕಡಲೊಂದು ಉಳಿದಿದೆ. 2022ರಲ್ಲಿಯೂ 2023ರಲ್ಲಿಯೂ ನಮ್ಮ ಕಿನಾರೆಯಲ್ಲಿಯೇ ಇಂಡಿಯನ್ ಓಪನ್ ಸರ್ಫಿಂಗ್ ಪಂದ್ಯಗಳು ನಡೆದುವು. ನೋಡಲು ಕಾಸಿಲ್ಲ, ನಾವೆಲ್ಲ ಹೋಗಿ ನಿಂತೆವು. ಅಲೆಯ ಮೇಲೆ ನಿಲ್ಲುವ ಹಲಗೆಗೆ ಹತ್ತಾರು ಸಾವಿರ ರೂಪಾಯಿಯೆಂದು ತಿಳಿದ ಮೇಲೆ, ಹುಟ್ಟಿದಂದಿನಿಂದ ಕಂಡ ಅಲೆಯೇ ಪರರದಾಗಿ ತೋರಿತು.

2025ರ ಜೂನ್ 3ರಂದು ಬೆಂಗಳೂರು ತಂಡ ಕಪ್ಪು ಗೆದ್ದಿತು. ಮರುದಿನದ ಉತ್ಸವಕ್ಕೆ ಹೋಗಬೇಕೆಂಬ ಆಸೆ ನನಗೂ ಇತ್ತು. ಏಪ್ರಿಲಿನಲ್ಲಿಯೇ ಕೈ ಬರಿದಾಗಿದ್ದರಿಂದ ಹೋಗಲಿಲ್ಲ. ಅಂದು ಕ್ರೀಡಾಂಗಣದ ಬಾಗಿಲುಗಳಲ್ಲಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು. ಆ ವೆಚ್ಚವನ್ನು ಬರೆಯುವ ಅಂಕಣ ಯಾವ ಪುಸ್ತಕದಲ್ಲಿಯೂ ಇಲ್ಲ.

ಇನ್ನು ನನ್ನ ಸೂಚನೆ. ಪ್ರವೇಶದ ಹೊತ್ತಿನಲ್ಲಿ ನಾವೆಲ್ಲರೂ ಕ್ರೀಡಾ ಶುಲ್ಕ ಕೊಡುತ್ತೇವೆ. ಆ ಹಣದಿಂದ ಬರುವ ಬ್ಯಾಟು, ನೆಟ್ಟು, ಚೆಂಡುಗಳು ತಂಡಕ್ಕೆ ಸೇರಿದವರಿಗೆ ಸಿಗುತ್ತವೆ. ಆದರೆ ತಂಡಕ್ಕೆ ಸೇರುವ ಮೊದಲೇ ಬೇಕಾಗುವುದು ಬೂಟು. ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟಂತೆ, ಕಬಡ್ಡಿಯ ಬೂಟು, ಓಟದ ಬೂಟುಗಳನ್ನು ವಿವಿಧ ಅಳತೆಗಳಲ್ಲಿ ತರಿಸಿಟ್ಟು, ಸಹಿ ಹಾಕಿಸಿ, ಎರವಲು ಕೊಡಬಾರದೇಕೆ? ಒಬ್ಬರ ಬೂಟನ್ನು ಇನ್ನೊಬ್ಬರು ಹಾಕಿದರೆ ವಾಸನೆ ಬರುವುದೆಂದು ಮಿತ್ರರೊಬ್ಬರು ಆಕ್ಷೇಪಿಸಿದರು. ನಮ್ಮ ಗ್ರಂಥಾಲಯದ ಕೆಲವು ಪುಸ್ತಕಗಳನ್ನು ಅವರು ಮೂಸಿ ನೋಡಿಲ್ಲವೆಂದು ಕಾಣುತ್ತದೆ. ಮೊದಲ ವರ್ಷಕ್ಕೆ ಇಪ್ಪತ್ತು ಜೊತೆ ಸಾಕು. ನನ್ನ ತಂಗಿ ಹೇಳಿದ ಬೆಲೆಯಲ್ಲಿ 29,000 ರೂಪಾಯಿ. ನನ್ನಂತೆ ವರ್ಷಕ್ಕೆ ಆರು ಸಾವಿರ ಕಳೆದು ಆಟ ನೋಡುವ ಐವರು ವಿದ್ಯಾರ್ಥಿಗಳ ಹಣ ಇದಕ್ಕಿಂತ ಹೆಚ್ಚಾಗುತ್ತದೆ. ನಮ್ಮ ತರಗತಿಯ ಹಿಂದಿನ ಎರಡು ಬೆಂಚುಗಳಲ್ಲೇ ಅಂಥವರು ಐವರಿಗಿಂತ ಹೆಚ್ಚಿದ್ದೇವೆ.

ಕಪಾಟಿಗೆ ಜಾಗವಿಲ್ಲವೆಂದು ಯಾರಾದರೂ ಹೇಳಿಯಾರು. ವ್ಯಾಯಾಮ ನಿರ್ದೇಶಕರ ಕೊಠಡಿಯ ಬಾಗಿಲ ಹಿಂದೆ, ಹಳೆಯ ಕ್ಯಾರಂ ಹಲಗೆಗಳನ್ನು ಒರಗಿಸಿಟ್ಟಿರುವಲ್ಲಿ, ನಾಲ್ಕಡಿ ಅಗಲದ ಜಾಗವಿದೆ. ನಾನು ಅಳೆದು ನೋಡಿದ್ದೇನೆ.